ದನದ ದವಾಖಾನೆಯಲ್ಲಿ ಹೇಳಿದ ಸುಳ್ಳು

ದನದ ದವಾಖಾನೆಯ ಬೆಂಚಿನ ಮೇಲೆ ಬೆಕ್ಕನ್ನೋ ನಾಯಿಯನ್ನೋ ತೊಡೆಯ ಮೇಲಿಟ್ಟುಕೊಂಡು, ಒಳಗೆ ಹೋದ ಮೇಲೆ ಯಾವುದನ್ನು ಹೇಳಬೇಕು, ಯಾವುದನ್ನು ನುಂಗಿಕೊಳ್ಳಬೇಕು ಎಂದು ಯೋಚಿಸುತ್ತ ಕುಳಿತವರು ಯಾರಾದರೂ ಇದನ್ನು ಓದುತ್ತಿದ್ದರೆ, ಸ್ವಲ್ಪ ಸರಿದು ನನಗೂ ಜಾಗ ಕೊಡಿ. ಆ ಬೆಂಚಿನ ಮೇಲೆ ನಾನು ಮೂರು ದಿನ ಕುಳಿತವಳು. ಅದರಲ್ಲಿ ಎರಡು ದಿನ ಒಳಗೆ ಹೋಗಿ ಸುಳ್ಳು ಹೇಳಿ ಬಂದವಳು.

ನನಗೆ ಎಪ್ಪತ್ತೆರಡು ವರ್ಷ. ಫೋನಿನಲ್ಲಿ ಅಕ್ಷರ ಒತ್ತುವುದನ್ನು ಕಲಿತು ಇನ್ನೂ ಎರಡು ತಿಂಗಳಾಗಿಲ್ಲ. ಎಲ್ಲಾದರೂ ಒತ್ತು, ದೀರ್ಘ ತಪ್ಪಿದ್ದರೆ ಅದು ಬೆರಳಿನ ತಪ್ಪು. ಉಳಿದ ತಪ್ಪುಗಳೆಲ್ಲ ನನ್ನವು.

ಬೆಟಗೇರಿಯಲ್ಲಿ ನಮ್ಮದು ಮಗ್ಗದ ಮನೆ. ಮಗ ಮತ್ತು ಸೊಸೆ ಗಿರಿಜಾ ಇಬ್ಬರೂ ಸೀರೆ ನೇಯುತ್ತಾರೆ. ನನ್ನ ಕಣ್ಣಿಗೆ ಎಳೆ ಕಾಣದಂತಾದ ಮೇಲೆ ನಾನು ಮಗ್ಗ ಬಿಟ್ಟು ಒಲೆ ಹಿಡಿದೆ. ಮನೆಯಲ್ಲಿ ಲಾಳಿ ಅಂತ ಒಂದು ಹೆಣ್ಣು ಬೆಕ್ಕು ಇದೆ. ಮರಿಯಿದ್ದಾಗ ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳ ಕೆಳಗೆ ಈ ತುದಿಯಿಂದ ಆ ತುದಿಗೆ ಓಡುವುದನ್ನು ನೋಡಿ ಮಗ ಆ ಹೆಸರಿಟ್ಟ. ಮಗ್ಗದಲ್ಲಿ ಹಾಗೆ ಓಡಾಡುವುದು ಲಾಳಿಯೊಂದೇ.

ಈಗ ತುಪ್ಪದ ವಿಷಯಕ್ಕೆ ಬರುತ್ತೇನೆ. ಬರಲೇಬೇಕು, ಎಲ್ಲ ಶುರುವಾದದ್ದು ಅಲ್ಲಿಂದ.

ನನ್ನ ಡಾಕ್ಟರರು ನನಗೆ ತುಪ್ಪ ಬಿಡಿಸಿ ಎರಡು ವರ್ಷವಾಯಿತು. ಗಿರಿಜಾ ಡಬ್ಬಿಯನ್ನು ನನ್ನ ಕೈಗೆ ಎಟುಕದ ಗೋಡೆಯ ಮಾಡಿನಲ್ಲಿಟ್ಟು, ಮಧ್ಯಾಹ್ನದ ಚಪಾತಿಗೆ ಬೇಕಾದಷ್ಟನ್ನು ಮಾತ್ರ ಬಟ್ಟಲಿಗೆ ಹಾಕಿಕೊಟ್ಟು ಮಗ್ಗಕ್ಕೆ ಇಳಿಯುತ್ತಾಳೆ. ಆ ತುಪ್ಪ ಅವರಿಬ್ಬರ ಚಪಾತಿಗೆ. ಅವರ ಚಪಾತಿಗೆ ನಾನು ತೆಳ್ಳಗೆ ಸವರಿ, ಉಳಿದದ್ದನ್ನು ನನ್ನ ಚಪಾತಿಗೆ ದಪ್ಪಗೆ ಸವರಿಕೊಳ್ಳುತ್ತಿದ್ದೆ. ಸವರುವುದಕ್ಕೆ ನಮ್ಮ ಮನೆಯಲ್ಲಿ ನನ್ನ ಅತ್ತೆಯ ಕಾಲದಿಂದಲೂ ನೂಲಿನ ಕುಚ್ಚು. ಸೀರೆ ಕೊಯ್ದ ಮೇಲೆ ಮಗ್ಗದಲ್ಲಿ ಉಳಿಯುವ ತುಂಡು ಎಳೆಗಳನ್ನು ಬಿಸಾಡದೆ ಒಟ್ಟುಗೂಡಿಸಿ, ನಡುವೆ ಬಿಗಿದು ಕಟ್ಟಿದರೆ ಆಯಿತು. ಹಂಚಿಗೂ ಅದೇ, ಚಪಾತಿಗೂ ಅದೇ. ಗಿರಿಜಾ ಅದರ ಬದಲು ಪೇಟೆಯಿಂದ ಒಂದು ಬ್ರಶ್ ತಂದಿದ್ದಳು.

“ಆ ಕುಚ್ಚ ಬಿಡ್ರಿ ಅತ್ತೀ. ಬೆಕ್ಕು ಅದರ ಹಿಂದ ಬಿದ್ದೇತಿ.”

“ಬ್ರಶ್ಶಿಗೆ ತುಪ್ಪ ಹತ್ತೂದಿಲ್ಲವಾ,” ಎಂದು ಹೇಳಿ ನಾನು ಬ್ರಶ್ಶನ್ನು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದೆ.

ಬೆಕ್ಕು ಹಿಂದೆ ಬಿದ್ದದ್ದು ಖರೆ. ಬೀಳಿಸಿದವಳು ನಾನೇ. ಊಟವಾದ ಮೇಲೆ ಕುಚ್ಚನ್ನು ಲಾಳಿಯ ಮುಂದೆ ಆಡಿಸುತ್ತಿದ್ದೆ, ಅದು ತುಪ್ಪ ನೆಕ್ಕುತ್ತಿತ್ತು. ಮಗ್ಗದ ಸದ್ದು ಕೇಳುತ್ತಿರುವಷ್ಟು ಹೊತ್ತು ನಮಗೆ ಭಯವಿಲ್ಲ. ಸದ್ದು ನಿಂತರೆ ಇಬ್ಬರೂ ಸಂಭಾವಿತರಾಗಿ ಕುಳಿತುಬಿಡುತ್ತಿದ್ದೆವು.

ಒಂದು ಮಧ್ಯಾಹ್ನ ನಾನು ಕುಳಿತಲ್ಲೇ ತೂಕಡಿಸಿದೆ. ಕಣ್ಣು ಬಿಟ್ಟಾಗ ಕುಚ್ಚು ಬಿಚ್ಚಿ ಹರಡಿತ್ತು. ಲಾಳಿಯ ಬಾಯಿಂದ ಕೆಂಪು ರೇಷ್ಮೆ ಎಳೆಯೊಂದು ಗೇಣುದ್ದ ಜೋತುಬಿದ್ದಿತ್ತು. ಹಿಡಿದು ಎಳೆದೆ. ಸ್ವಲ್ಪ ಬಂತು, ಮುಂದೆ ಬರಲಿಲ್ಲ. ಇನ್ನೂ ಎಳೆದರೆ ಬೆಕ್ಕು ಕತ್ತು ಚಾಚಿ ಓಕರಿಸಿತು. ಅಷ್ಟರಲ್ಲಿ ಮಗ್ಗದ ಸದ್ದು ನಿಂತಿತು. ನಾನು ಸೊಂಟದ ಚೀಲದಿಂದ ಸಣ್ಣ ಕತ್ತರಿ ತೆಗೆದು ಹೊರಗಿದ್ದಷ್ಟನ್ನು ಕತ್ತರಿಸಿ, ಸೆರಗಿನೊಳಗೆ ಮುಚ್ಚಿಕೊಂಡೆ. ಉಳಿದದ್ದನ್ನು ಲಾಳಿ ನುಂಗಿತು. ಹೊಟ್ಟೆಗೆ ಹೋದದ್ದು ಒಂದಲ್ಲ ಒಂದು ದಿನ ಹೊರಗೆ ಬರಲೇಬೇಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಅದು ಹಾಲು ಮುಟ್ಟಲಿಲ್ಲ. ಹಳದಿ ನೊರೆ ಕಾರಿ, ನೇಯುವವರು ಕಾಲಿಳಿಬಿಡುವ ಮಗ್ಗದ ಕುಣಿಯೊಳಗೆ ಇಳಿದು ಮೂಲೆ ಹಿಡಿಯಿತು. ಗಿರಿಜಾ ಮಗ್ಗ ನಿಲ್ಲಿಸಿ ಕೇಳಿದಳು.

“ಏನರ ತಿಂದೇತೇನ್ರಿ ಅತ್ತೀ?”

ಕುಚ್ಚು ಎಂದರೆ ತುಪ್ಪ ಬರುತ್ತದೆ, ತುಪ್ಪ ಎಂದರೆ ಎರಡು ವರ್ಷದ ಕಳ್ಳತನ ಬರುತ್ತದೆ. ಬಾಯಿಗೆ ಬೇರೇನೋ ಬಂತು.

“ನೀಲವ್ವನ ಮನ್ಯಾಗ ಇಲಿ ಔಷಧ ಇಡ್ತಾರಲ್ಲ. ಅಲ್ಲೆ ಹೋಗಿ ನೆಕ್ಕಿರಬೇಕು.”

ನೀಲವ್ವ ನಮ್ಮ ಪಕ್ಕದ ಮನೆಯವಳು. ನಡುವೆ ಒಂದೇ ಗೋಡೆ. ಖಡಕ್ ರೊಟ್ಟಿ ಮಾಡಿ ಮಾರಿ ಬದುಕುವ ಹೆಂಗಸು. ರೊಟ್ಟಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಔಷಧ ಇರಲೇಬೇಕು ಎಂಬುದು ನನ್ನ ಲೆಕ್ಕ. ಅವಳ ಮನೆಯಲ್ಲಿ ಔಷಧ ಇಟ್ಟದ್ದನ್ನು ನಾನು ಕಣ್ಣಿಂದ ಕಂಡಿರಲಿಲ್ಲ.

ಮೂರನೆಯ ದಿನ ಗಿರಿಜಾಳಿಗೆ ಸೀರೆ ಕೊಯ್ದು ಕೊಡುವ ಗಡಿಬಿಡಿ, ಮಗ ನೂಲು ತರಲು ಹೋಗಿದ್ದ. ದವಾಖಾನೆಗೆ ನನ್ನ ಜೊತೆ ಬರುತ್ತೇನೆಂದು ನಿಂತವಳು ನೀಲವ್ವ. ಬೆಕ್ಕನ್ನು ಒಯ್ಯಲು ಏನೂ ಇಲ್ಲವೆಂದು ತನ್ನ ರೊಟ್ಟಿ ಬುಟ್ಟಿಯನ್ನೇ ತಂದಳು.

“ರೊಟ್ಟಿ ಬುಟ್ಟಿ ಯಾಕವಾ, ಆಮೇಲೆ ಏನು ಮಾಡ್ತಿ?”

“ಬುಟ್ಟಿ ಇನ್ನೊಂದು ಹೆಣಸಿದ್ರಾತು ಯಕ್ಕಾ. ಲಾಳಿನ ಹೆಣಸಾಕ ಬರತೈತೇನು? ಆಟೋ ಹತ್ತು ನಡಿ.”

ದವಾಖಾನೆಯ ಅಂಗಳದಲ್ಲಿ ಫಿನೈಲ್ ಮತ್ತು ಸೆಗಣಿಯ ವಾಸನೆ. ಬೇವಿನ ಮರಕ್ಕೆ ಎಮ್ಮೆ ಕಟ್ಟಿದ್ದರು. ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಅಸುಂಡಿಯ ಹೆಂಗಸೊಬ್ಬಳು ಆಡು ಹಿಡಿದು ಕುಳಿತಿದ್ದಳು.

“ಏನಾಗೇತಿ ಆಡಿಗೆ?” ನೀಲವ್ವ ಕೇಳಿದಳು.

“ಲಗ್ನದ ಕಾರ್ಡ್ ತಿಂದೇತ್ರಿ. ಕಟ್ಟು ಕಟ್ಟ.”

“ಯಾರ ಲಗ್ನದ್ದು?”

“ನಮ್ಮ ತಮ್ಮಂದು. ಇನ್ನ ಮುಹೂರ್ತ ಎಷ್ಟಕ್ಕ ಐತಿ ಅಂತ ಇದನ್ನ ಕೇಳಬೇಕು.”

ನಾವು ಮೂವರೂ ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ನಗು ಇನ್ನೂ ಮುಖದ ಮೇಲಿರುವಾಗಲೇ ನಮ್ಮ ಪಾಳಿ ಬಂತು. ನೀಲವ್ವ ಹೊರಗೇ ಕುಳಿತಳು, ನಾನು ಬುಟ್ಟಿ ಹೊತ್ತು ಒಳಗೆ ಹೋದೆ.

ಡಾಕ್ಟರರು ಹೆಣ್ಣುಮಗಳು, ಮುಂಡರಗಿ ಕಡೆಯವರು. ಮೊಣಕೈತನಕ ತೋಳೇರಿಸಿದ್ದರು, ಮಾತು ಕಡಿಮೆ. ಲಾಳಿಯ ಹೊಟ್ಟೆ ಒತ್ತಿ ನೋಡಿದರು, ತುಟಿ ಸರಿಸಿ ಒಸಡಿನ ಬಣ್ಣ ನೋಡಿದರು.

“ಏನು ತಿಂದೇತಿ ಅಂತ ಗೊತ್ತೈತೇನು ಅಜ್ಜಿ?”

ಹೇಳಬೇಕಾಗಿದ್ದದ್ದು ಆಗಲೇ. ಕೋಣೆಯಲ್ಲಿ ನಾನು, ಅವರು, ಬೆಕ್ಕು ಬಿಟ್ಟರೆ ಕಂಪೌಂಡರ್ ಒಬ್ಬರೇ. ಆದರೆ ನಿನ್ನೆ ಸೊಸೆಗೆ ಹೇಳಿದ ಮಾತು ಅಷ್ಟೊತ್ತಿಗೆ ನನ್ನ ನಾಲಿಗೆಗೆ ರೂಢಿಯಾಗಿತ್ತು.

“ಬಾಜೂ ಮನ್ಯಾಗ ಇಲಿ ಔಷಧ ಇಡ್ತಾರ್ರಿ. ಅದನ್ನ ತಿಂದೇತಿ.”

“ಯಾವ ಔಷಧ? ಕೇಕಿನಂಗ ಇರತೈತಲ್ಲ, ಅದೇನು? ಪುಡಿ ಏನು? ಒಂದೊಂದಕ್ಕ ಒಂದೊಂದು ಇಲಾಜು ಐತಿ. ಆ ಮನಿಯವ್ರಿಗೆ ಫೋನ್ ಹಚ್ರಿ.”

“ಫೋನ್ ಯಾಕ್ರಿ,” ಎಂದೆ. “ಹೊರಗ ಕುಂತಾಳ.”

ಡಾಕ್ಟರು ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಬಾಗಿಲಿಗೆ ಹೋಗಿ ನೀಲವ್ವನನ್ನು ಕರೆದು ಕೇಳಿದರು. ನೀಲವ್ವ ಉತ್ತರ ಕೊಡುವ ಮೊದಲು ಡಾಕ್ಟರರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ಬುಟ್ಟಿಯ ಹೆಣಿಗೆ ನೋಡುತ್ತಿದ್ದೆ.

“ನಮ್ಮ ಮನ್ಯಾಗೇನ್ರಿ? ಹ್ವಾದ ವರ್ಷ ಒಂದು ಪುಡಿಕಿ ತಂದಿದ್ದೆ ಮೇಡಮ್ಮಾರ. ಇಟ್ಟಿಲ್ಲ, ಡಬ್ಬಿ ಹಿಂದ ಒಗದೇನಿ. ಈಗ ಬೋನ ಇಡ್ತೇನ್ರಿ.”

“ಆ ಪುಡಿಕಿ ಹುಡುಕಿ ತರ್ರಿ. ಹರದೈತೇನು ನೋಡ್ರಿ.”

ಲಾಳಿಗೆ ವಿಷ ಇಳಿಸುವ ಇಂಜೆಕ್ಷನ್ ಕೊಟ್ಟರು, ಬೆನ್ನಿನ ಚರ್ಮದಡಿ ಸಲೈನ್ ಹಾಕಿದರು. ಆಟೋದಲ್ಲಿ ನೀಲವ್ವ ಲಾಳಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ನಮ್ಮ ಓಣಿ ಬಂದಾಗ, “ನನಗ ಮೊದ್ಲ ಒಂದು ಮಾತ ಹೇಳಬೇಕಿಲ್ಲೇನು ಯಕ್ಕಾ?” ಎಂದಳು.

“ಇರಬಹುದು ಅಂದ್ನಿ ಅಷ್ಟ.”

ಇರಬಹುದು ಎಂದು ನಾನು ಹೇಳಿರಲಿಲ್ಲ. ತಿಂದಿದೆ ಎಂದೇ ಹೇಳಿದ್ದೆ.

ಆ ಸಂಜೆ ಅವಳು ಪುಡಿಕೆ ಹುಡುಕಿದಳು. ಅದರ ಒಂದು ಮೂಲೆಯನ್ನು ಇಲಿ ಕಚ್ಚಿ ಹರಿದಿತ್ತು. ನನ್ನ ಸುಳ್ಳಿಗೆ ಇಲಿಗಳೂ ಸಾಕ್ಷಿ ಹೇಳಿದವು. ಪುಡಿಕೆಯನ್ನು ಅವಳೇ ತಂದು ನನ್ನ ಕೈಗೆ ಕೊಟ್ಟಳು.

ಮರುದಿನ ನಾನೊಬ್ಬಳೇ ಲಾಳಿಯನ್ನು ಒಯ್ದೆ. ಡಾಕ್ಟರು ಪುಡಿಕೆ ನೋಡಿದರು, ಮತ್ತೆ ಒಸಡು ನೋಡಿದರು, ಹುಬ್ಬು ಗಂಟಿಕ್ಕಿದರು.

“ಇದು ಆ ಔಷಧದ ಲಕ್ಷಣ ಅಲ್ಲ ಅನಸ್ತೈತಿ. ರಕ್ತ ಎಲ್ಲೂ ಇಲ್ಲ. ಅಜ್ಜಿ, ನಿಮ್ಮದು ಮಗ್ಗದ ಮನಿ ಅಲ್ಲ? ನೂಲು ಗೀಲು ನುಂಗೇತೇನು?”

ಅಷ್ಟು ಸರಳವಾಗಿ, ನೇರವಾಗಿ ಕೇಳಿದರು. ನನಗೆ ಈಗ ಬರೀ ತುಪ್ಪದ ಭಯವಿರಲಿಲ್ಲ. ಒಮ್ಮೆ ಒಬ್ಬಳ ಮೇಲೆ ಹಾಕಿದ್ದನ್ನು ವಾಪಸು ಎತ್ತಿಕೊಳ್ಳಬೇಕಿತ್ತು, ಅದು ಭಾರವಾಗಿತ್ತು. ಹಾಗಾಗಿ ಗತ್ತು ತಂದುಕೊಂಡೆ.

“ನೇಕಾರರ ಮನ್ಯಾಗ ನೂಲು ಕಾಲಾಗ ಬಿಡೂದಿಲ್ರಿ ಮೇಡಮ್ಮಾರ. ನಮಗ ಅದು ಲಕ್ಷ್ಮಿ.”

“ಖರೇನ?”

“ಖರೇನ್ರಿ.”

ಡಾಕ್ಟರು ಬಾಯಿ ತೆರೆದು ಒಳಗೆ ನೋಡಲು ಹೋದರು, ಲಾಳಿ ಪರಚಿತು. ಅಷ್ಟರಲ್ಲಿ ಕಣಗಿನಹಾಳದಿಂದ ಕರು ಹಾಕಲಾರದ ಎಮ್ಮೆಯನ್ನು ಟ್ರಾಲಿಯಲ್ಲಿ ತಂದರು, ಎಲ್ಲರೂ ಅತ್ತ ಓಡಿದರು. ನನ್ನ ಮಾತನ್ನು ನಂಬಿ ಅವರು ಅದೇ ಇಂಜೆಕ್ಷನ್ ಮುಂದುವರಿಸಿದರು. ನಾನು ಬುಟ್ಟಿ ಎತ್ತಿಕೊಂಡು ಬಂದೆ. ಬುಟ್ಟಿ ಹಿಂದಿನ ದಿನಕ್ಕಿಂತ ಹಗುರಾಗಿತ್ತು.

ಸಂಜೆ ಹಿತ್ತಲಲ್ಲಿ ಗುದ್ದಲಿಯ ಸದ್ದು ಕೇಳಿ ಗೋಡೆಯ ಆಚೆ ಇಣುಕಿದೆ. ನೀಲವ್ವ ಕುಣಿ ತೋಡುತ್ತಿದ್ದಳು. ಪಕ್ಕದಲ್ಲಿ ಎತ್ತರಕ್ಕೆ ಪೇರಿಸಿದ ಖಡಕ್ ರೊಟ್ಟಿ. ಲಕ್ಷ್ಮೇಶ್ವರದಲ್ಲಿ ಬಸುರಿಗೆ ಸೀಮಂತ ಮಾಡುವ ಒಂದು ಕುಬಸದ ಮನೆಗೆ ಕೊಡಲು ವಾರದಿಂದ ಬಡಿದ ರೊಟ್ಟಿಗಳು. ಒಂದೊಂದನ್ನು ಮುರಿದು ಕುಣಿಗೆ ಹಾಕುತ್ತಿದ್ದಳು.

“ಏನ ಮಾಡಾಕತ್ತಿ ನೀಲವ್ವಾ?”

“ಪುಡಿಕಿ ಹರದಿತ್ತಲ್ಲ ಯಕ್ಕಾ. ಧೂಳು ಎಲ್ಲಿ ಹಾರೇತೋ ಏನೋ. ಬಸುರಿ ಮನಿಗೆ ಹೆಂಗ ಕೊಡ್ಲಿ? ದನಕ್ಕ ಹಾಕಾಕೂ ಅಂಜಿಕಿ.”

“ಹಂಗೇನೂ ಆಗಿರೂದಿಲ್ಲ ಬಿಡವಾ.”

ಅವಳು ಗುದ್ದಲಿ ಬಿಟ್ಟು ಗೋಡೆಯ ಹತ್ತಿರ ಬಂದು ನಿಂತಳು. ಕೈತುಂಬ ಮಣ್ಣು, ರೊಟ್ಟಿಯ ಪುಡಿ.

“ಲಾಳಿ ನಮ್ಮ ಮನ್ಯಾಗೂ ಆಡಿ ಬೆಳದದ್ದು. ನನ್ನ ಕೈಲೇ ಹಿಂಗಾತಲ್ಲ. ತಪ್ಪಾತು ಯಕ್ಕಾ. ಸಿಟ್ಟು ಇಟ್ಟಕೋಬ್ಯಾಡ.”

ಒಬ್ಬರು ನಮ್ಮನ್ನು ಬೈದರೆ ತಿರುಗಿ ಬೈಯಬಹುದು. ಕ್ಷಮೆ ಕೇಳಿದರೆ ಏನು ಮಾಡುವುದು? ನಾನು “ಇರ್ಲಿ ಬಿಡು” ಎಂದೆ. ಈ ಎರಡು ಮಾತನ್ನು ಒತ್ತುವಾಗ ಕೂಡ ನನ್ನ ಬೆರಳು ಹಿಂದೆ ಸರಿಯುತ್ತದೆ. ಮಾಡದ ತಪ್ಪಿಗೆ ಅವಳು ಕ್ಷಮೆ ಕೇಳಿದಳು, ಮಾಡಿದವಳು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದಳು.

ಅದರ ಮರುದಿನ ಮೂರನೆಯ ಸಲ ದವಾಖಾನೆಗೆ ಹೋದಾಗ ಲಾಳಿ ಕತ್ತು ಎತ್ತುತ್ತಿರಲಿಲ್ಲ. ನೀಲವ್ವನೂ ಬಂದಿದ್ದಳು. ನಮಗಿಂತ ಮೊದಲಿನ ಪಾಳಿ ಶಿರಹಟ್ಟಿ ಕಡೆಯ ಕುರುಬನೊಬ್ಬನದು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕಾಲು ಮುರಿದ ನಾಯಿ. ಬಾಗಿಲು ತೆರೆದೇ ಇತ್ತು.

“ಏನಾತು?” ಡಾಕ್ಟರು ಕೇಳಿದ್ದು ಕೇಳಿಸಿತು.

“ನಾನ ಹೊಡದೇನ್ರಿ.”

“ನೀವ?”

“ಹೌದ್ರಿ. ಕುರಿಮರಿ ಕಡದಿತ್ತು. ಸಿಟ್ಟಿನಾಗ ಬಡಿಗಿ ಬೀಸಿದೆ. ಮರಿ ಕಡದದ್ದು ಇದಲ್ಲ, ಬ್ಯಾರೆ ನಾಯಿ ಅಂತ ಆಮ್ಯಾಲೆ ಗೊತ್ತಾತು. ಕಾಲು ಕೂಡಿಸ್ರಿ ಮೇಡಮ್ಮಾರ. ಬೈಯೂದು ಆಮ್ಯಾಲೆ ಬೈರಿ.”

ಅಷ್ಟೇ. ಅವನು ಹೇಳಲು ತೆಗೆದುಕೊಂಡದ್ದು ಒಂದು ಎಲೆ ಅಡಿಕೆ ಮಡಚುವಷ್ಟು ಹೊತ್ತು.

ನಾನು ಒಳಗೆ ಹೋದವಳು ಮೊದಲು ಬಾಗಿಲು ಮುಚ್ಚಿದೆ. ಬುಟ್ಟಿಯನ್ನು ಮೇಜಿನ ಮೇಲಿಟ್ಟೆ.

“ನೂಲು ನುಂಗೇತ್ರಿ.”

ಡಾಕ್ಟರು ಇಂಜೆಕ್ಷನ್ ತುಂಬುತ್ತಿದ್ದವರು ನಿಲ್ಲಿಸಿದರು. “ಯಾವಾಗ?”

“ಮೊದಲನೆ ದಿವಸಾನ. ನನ್ನ ಕಣ್ಣ ಮುಂದ. ತುಪ್ಪ ಹತ್ತಿದ್ದ ನೂಲು. ನಾನ ತಿನ್ನಾಕ ಕೊಟ್ಟಂಗ ಆತು. ಬಾಯಿಂದ ಹೊರಗ ಇದ್ದದ್ದು ಕತ್ತರಿಸಿದೆ. ಇಲಿ ಔಷಧ ಸುಳ್ಳು.”

ಅವರು ಸಿರಿಂಜು ಕೆಳಗಿಟ್ಟರು. ಕಂಪೌಂಡರಿಗೆ ಬ್ಯಾಟರಿ ಹಿಡಿಯಲು ಹೇಳಿದರು, ನನಗೆ ಮುಂಗಾಲು ಹಿಡಿಯಲು ಹೇಳಿದರು. ಲಾಳಿಗೆ ಪರಚುವ ಶಕ್ತಿಯೂ ಇರಲಿಲ್ಲ. ಬಾಯಿ ತೆರೆದು, ಹೆಬ್ಬೆರಳಿನಿಂದ ನಾಲಿಗೆಯನ್ನು ಮೇಲೆತ್ತಿದರು. ನಾಲಿಗೆಯ ಬುಡಕ್ಕೆ ಕೆಂಪು ಎಳೆ ಸುತ್ತಿಕೊಂಡು ಮಾಂಸದೊಳಗೆ ಕೊಯ್ದು ಕೂತಿತ್ತು. ಒಂದು ತುದಿ ಅಲ್ಲಿ, ಇನ್ನೊಂದು ತುದಿ ಕರುಳಿನಲ್ಲೆಲ್ಲೋ. ನಾಲ್ಕು ದಿನ ಆ ಎಳೆ ಅದನ್ನು ಒಳಗಿಂದ ಜಗ್ಗುತ್ತಿತ್ತು.

“ಮೊದಲ ದಿವಸ ಹೇಳಿದ್ರ ಇಲ್ಲೇ ಕತ್ತರಿ ಹಾಕಿ ಬಿಡಿಸೂದಿತ್ತೋ ಏನೋ,” ಎಂದರು. “ಈಗ ಹೊಟ್ಟಿ ಕೊಯ್ಬೇಕು. ಉಳೀತೈತಿ ಅಂತ ಹೇಳಲಾರೆ.”

“ಕೊಯ್ರಿ.”

“ಹೊರಗ ಕುಂತಾರಲ್ಲ, ಅವ್ರಿಗೆ ನಾ ಹೇಳ್ಲೇನು?”

“ಬ್ಯಾಡ್ರಿ. ನಾನ ಹೇಳ್ತೇನಿ.”

ಹೊರಗೆ ಬಂದು ನೀಲವ್ವನಿಗೆ, “ಹೊಟ್ಟ್ಯಾಗ ಏನೋ ಗಂಟಾಗೇತಂತ, ಕೊಯ್ತಾರಂತ,” ಎಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾವಿಬ್ಬರೂ ಆ ಬೆಂಚಿನ ಮೇಲೆ ಮಧ್ಯಾಹ್ನದತನಕ ಕುಳಿತೆವು. ಅವಳು ತನ್ನ ದೇವರಿಗೆಲ್ಲ ಹರಕೆ ಹೊತ್ತಳು. ನನಗೆ ಯಾವ ದೇವರ ಮುಂದೆ ನಿಲ್ಲುವ ಮುಖವಿತ್ತು? ಆಪರೇಷನ್ ಮುಗಿಸಿ ಬಂದ ಡಾಕ್ಟರು ಹೊರತೆಗೆದ ಎಳೆಯನ್ನು ಕಾಗದದಲ್ಲಿ ಸುತ್ತಿ, ಪೊಟ್ಟಣವನ್ನು ನನ್ನ ಕೈಗೆ ಕೊಟ್ಟರು. ಕರುಳು ಎರಡು ಕಡೆ ಹರಿದಿತ್ತು, ಸ್ವಲ್ಪ ತೆಗೆಯಬೇಕಾಯಿತು. ಉಸಿರಿದೆ, ಇನ್ನು ಹತ್ತು ದಿನ ನೋಡಬೇಕು ಎಂದರು.

ಮನೆಯಲ್ಲಿ ಗಿರಿಜಾ ಪೊಟ್ಟಣ ಬಿಚ್ಚಿದಳು. ತಾನೇ ನೇಯ್ದ ಸೆರಗಿನ ಕೆಂಪನ್ನು ಅವಳು ಗುರುತಿಸದೆ ಇರುತ್ತಾಳೆಯೇ? ನಾನು ಎಲ್ಲ ಹೇಳಿದೆ, ಹಿಟ್ಟಿನ ಡಬ್ಬಿಯ ಹಿಂದಿನ ಬ್ರಶ್ಶಿನ ಸಮೇತ.

“ತುಪ್ಪ ಬೇಕಾಗಿದ್ರ ಕೇಳಬೇಕಿತ್ತು. ನಾ ಒಲ್ಲೆ ಅಂತಿದ್ನೇನು?”

“ಅಂತಿದ್ದಿ.”

“ಹೌದು, ಅಂತಿದ್ದೆ,” ಎಂದಳು. ಆಮೇಲೆ ಪೊಟ್ಟಣ ಮಡಚಿ ನನ್ನ ಕೈಗೇ ಕೊಟ್ಟಳು. “ನೀಲವ್ವಗ ನೀವ ಹೇಳ್ರಿ. ನಾ ಹೇಳೂದಿಲ್ಲ. ನಾ ಹೇಳಿದ್ರ ನಿಮಗ ಹಗುರಾಗತೈತಿ.”

ನಾನು ಅಕ್ಷರ ಒತ್ತಲು ಕಲಿತದ್ದು ಅದರ ಮುಂದಿನ ದಿನಗಳಲ್ಲಿ. ಲಾಳಿಯ ಸುದ್ದಿ ದಿನಾ ಫೋನ್ ಮಾಡಿ ಹೇಳುತ್ತೇನೆಂದಾಗ ಡಾಕ್ಟರು ಕೈ ಅಡ್ಡ ಹಿಡಿದಿದ್ದರು.

“ಬಾಯಿಲೇ ಬ್ಯಾಡ ಅಜ್ಜಿ. ಬಾಯಿಲೇ ನೀವು ಚಲೋ ಕಥಿ ಕಟ್ತೀರಿ. ಏನು ತಿಂತು, ಏನು ಕಾರ್ತು, ಸಂಡಾಸ ಹೆಂಗೈತಿ, ಬರದು ಕಳಸ್ರಿ. ನೀವ ಬರೀರಿ, ಸೊಸಿ ಕೈಲೇ ಬರಸಬ್ಯಾಡ್ರಿ.”

ಗಿರಿಜಾ ಒಂದು ಸಂಜೆ ಕುಳಿತು ತೋರಿಸಿಕೊಟ್ಟಳು. ಮೊದಲ ದಿನ “ಹಾಲು ಎರಡು ಚಮಚ” ಎಂದು ಬರೆಯಲು ಅಡುಗೆ ಮಾಡುವಷ್ಟು ಹೊತ್ತು ಹಿಡಿಯಿತು. ನಾನು ಹಾ ಹುಡುಕಿ ಲು ಹುಡುಕುವಷ್ಟರಲ್ಲಿ ಫೋನು ತಾನೇ ಮುಂದಾಗಿ ಹಾರ್ದಿಕ ಶುಭಾಶಯಗಳು ಎನ್ನುತ್ತಿತ್ತು. ಮೂರನೆಯ ದಿನ ಲಾಳಿಯ ಸಂಡಾಸದ ಫೋಟೋ ಡಾಕ್ಟರಿಗೆ ಹೋಗುವ ಬದಲು ಗಿರಿಜಾಳ ತವರಿನವರ ಗುಂಪಿಗೆ ಹೋಯಿತು. ಅಲ್ಲಿಂದ ಅವಳ ದೊಡ್ಡಪ್ಪ ಕೈಮುಗಿದು ಶುಭೋದಯ ಎಂದರು. ಆದರೆ ಒಂದು ಮಾತು ಡಾಕ್ಟರರು ಸರಿಯಾಗಿ ಹೇಳಿದ್ದರು. ಒಂದೊಂದು ಅಕ್ಷರ ಹುಡುಕಿ ಒತ್ತುವವಳಿಗೆ ಸುಳ್ಳು ಕಟ್ಟುವಷ್ಟು ತಾಳ್ಮೆ ಉಳಿಯುವುದಿಲ್ಲ. ಇದ್ದದ್ದು ಬರೆದರೆ ಸಾಕಪ್ಪಾ ಎನಿಸುತ್ತದೆ.

ಅಷ್ಟು ದಿನವೂ ನೀಲವ್ವ ಎರಡು ಹೊತ್ತು ಬಂದು ಲಾಳಿಯ ಹತ್ತಿರ ಕೂರುತ್ತಿದ್ದಳು. ಹೊಲಿಗೆ ನೆಕ್ಕದಂತೆ ಅದರ ಕೊರಳಿಗೆ ಹಾಕಿದ ಪಟ್ಟಿ ಸರಿಮಾಡುತ್ತಿದ್ದಳು, ಬೆರಳಿಂದ ಗಂಜಿ ನೆಕ್ಕಿಸುತ್ತಿದ್ದಳು. ಒಂದು ದಿನ ಕೈ ನೀವಿಕೊಳ್ಳುತ್ತಿರುವುದನ್ನು ಕಂಡು ಯಾಕೆಂದು ಕೇಳಿದೆ.

“ಲಾಳಿ ಎದ್ದು ಓಡಾಡೂ ಮಟಾ ರೊಟ್ಟಿ ಉಣ್ಣೂದಿಲ್ಲ ಅಂತ ಬೇಡಿಕೊಂಡೇನಿ ಯಕ್ಕಾ. ಬರೇ ಅನ್ನ ಉಂಡು ರೊಟ್ಟಿ ಬಡ್ಯಾಕ ರಟ್ಟ್ಯಾಗ ಬಲಾನ ಇಲ್ಲ.”

ಆಗಲಾದರೂ ಹೇಳಿದೆನೇ? ಇಲ್ಲ. ನಾಳೆ ಎಂದುಕೊಂಡೆ. ನಾಳೆ ಬಂದಾಗ ಅವಳು ಗಂಜಿ ತಂದಿದ್ದಳು, ಗಂಜಿ ತಂದವಳಿಗೆ ಹೇಗೆ ಹೇಳುವುದು ಎಂದುಕೊಂಡೆ. ಡಾಕ್ಟರಿಗೆ ಹೇಳಲು ನನಗೆ ನಾಲ್ಕು ದಿನ ಸಾಕಾಗಿತ್ತು. ಬೆಕ್ಕು ಸಾಯುತ್ತದೆಂಬ ಭಯ ನೂಕಿತ್ತು. ನೀಲವ್ವ ಸಾಯುವುದಿಲ್ಲವಲ್ಲ, ಬರೀ ಸೊರಗುತ್ತಾಳೆ. ಹೀಗೂ ಲೆಕ್ಕ ಹಾಕುವ ಮನಸ್ಸು ನನ್ನೊಳಗೆ ಇತ್ತೆಂದು ಎಪ್ಪತ್ತೆರಡು ವರ್ಷ ನನಗೆ ಗೊತ್ತಿರಲಿಲ್ಲ.

ಒಂಬತ್ತನೆಯ ದಿನ ಬರೆದೆ: ಲಾಳಿ ಅನ್ನ ಹಾಲು ತಿಂತು. ಕಾರಿಲ್ಲ. ಗೋಡೆ ಹತ್ತಾಕ ನೋಡ್ತು.

ಡಾಕ್ಟರರ ಉತ್ತರ ಬಂತು: ಚಲೋ ಆತು. ನೀಲವ್ವಗ ಹೇಳಿದ್ರೇನು?

ಹೌದು ಎಂದು ಒತ್ತಬಹುದಾಗಿತ್ತು. ಹ, ಅದಕ್ಕೆ ಔಕಾರ, ದು. ಔಕಾರ ಎಲ್ಲಿದೆಯೆಂದು ಹುಡುಕುತ್ತ ಕುಳಿತೆ. ಆಮೇಲೆ ಇಲ್ಲ ಎಂದು ಒತ್ತಿ ಕಳಿಸಿದೆ. ಅತ್ತಲಿಂದ ಮತ್ತೇನೂ ಬರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಾಯಿಂದ ಹೇಳಲು ಹೋದರೆ ನಾನು ಮತ್ತೆ ಏನಾದರೂ ಕಟ್ಟುತ್ತೇನೆಂದು ನನಗೆ ಗೊತ್ತಿತ್ತು. ಹಾಗಾಗಿ ಇಡೀ ಮಧ್ಯಾಹ್ನ ಕುಳಿತು ಫೋನಿನಲ್ಲಿ ಬರೆದೆ. ಬರೆದದ್ದನ್ನು ಹಿಡಿದು ನೀಲವ್ವನ ಮನೆಗೆ ಹೋದೆ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಫೋನನ್ನು ಮುಖದ ಮುಂದೆ ಹಿಡಿದೆ.

“ಇದನ್ನ ಓದು.”

“ಕೈ ಹಿಟ್ಟಾಗೇತಿ, ಕಣ್ಣಿಗೆ ಚಾಳೀಸೂ ಇಲ್ಲ. ಏನ ಅದು? ನೀನ ಓದು.”

“ನೀನ ಓದಬೇಕವಾ.”

“ಓದ ಯಕ್ಕಾ. ರೊಟ್ಟಿ ಸುಡತೈತಿ.”

ಹಾಗಾಗಿ ನಾನು ಬರೆದದ್ದನ್ನು ನಾನೇ ನಿಂತು ಓದಿದೆ, ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗಿಯಂತೆ. “ನೀಲವ್ವ, ಲಾಳಿ ನಿಮ್ಮ ಮನಿ ಔಷಧ ತಿಂದಿಲ್ಲ. ನಮ್ಮ ಮನಿ ನೂಲು ನುಂಗಿತ್ತು. ಅದು ನನಗ ಮೊದಲನೆ ದಿನದಿಂದ ಗೊತ್ತಿತ್ತು. ನಾ ತುಪ್ಪ ಕದ್ದು ತಿನ್ನೂದು ಮುಚ್ಚಾಕ ನಿನ್ನ ಹೆಸರು ಹೇಳಿದೆ. ನೀ ರೊಟ್ಟಿ ಹುಗಿಯೂ ಮುಂದ ಸೈತ ಸುಮ್ಮನಿದ್ದೆ.”

ಬಡಿಯುವ ಸದ್ದು ನಿಂತಿತ್ತು. ಹಂಚಿನ ಮೇಲಿನ ರೊಟ್ಟಿ ಸುಟ್ಟು ಹೊಗೆ ಬಂತು. ಅವಳು ಅದನ್ನು ತೆಗೆಯಲಿಲ್ಲ.

“ತುಪ್ಪಕ್ಕಾ?” ಎಂದಳು.

“ಹ್ಞೂಂ.”

“ಆ ಲಕ್ಷ್ಮೇಶ್ವರದವ್ರು ರೊಟ್ಟಿಯಾಗ ಇಲಿ ಔಷಧ ಇರತೈತಂತ ಅಂತ ಫೋನ್ ಮಾಡಿ ಕೇಳಿದ್ರು. ಯಾರು ಹೇಳಿದ್ರೋ. ಇಪ್ಪತ್ತು ವರ್ಷ ಆತು ನಾ ಈ ಓಣ್ಯಾಗ ರೊಟ್ಟಿ ಬಡ್ಯಾಕ ಹತ್ತಿ.” ಅವಳ ದನಿ ಏರಲಿಲ್ಲ. “ಲಾಳಿ ಇವತ್ತ ಉಂಡೇತೇನು?”

“ಉಂಡೇತಿ.”

“ಹಂಗಾರ ನೀ ಹೋಗು. ನಾ ಕರಿಯೂ ಮಟಾ ಬರಬ್ಯಾಡ.”

ಮರುದಿನ ನಳ ಬಂತು. ನಮ್ಮಲ್ಲಿ ನಳ ಬರುವುದೆಂದರೆ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಸೇರುವ ದಿನ. ನೀಲವ್ವನೂ ಇದ್ದಳು. ನಾನು ಅಲ್ಲಿ ಕಟ್ಟೆಯ ಮೇಲೆ ನಿಂತು ಫೋನಿನಲ್ಲಿದ್ದದ್ದನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿದೆ. ತುಪ್ಪದ ಸಾಲು ಬಂದಾಗ ಎಲ್ಲರೂ ನಕ್ಕರು. ರೊಟ್ಟಿಯ ಸಾಲು ಬಂದಾಗ ಯಾರೂ ನಗಲಿಲ್ಲ. ನೀಲವ್ವ ಕೊಡ ತುಂಬಿಸಿಕೊಂಡು ಯಾರ ಮುಖವನ್ನೂ ನೋಡದೆ ಹೋದಳು. ಲಕ್ಷ್ಮೇಶ್ವರದವರಿಗೆ ಗಿರಿಜಾ ಫೋನ್ ಹಚ್ಚಿ ಕೊಟ್ಟಳು, ಅವರಿಗೂ ಓದಿದೆ. ಕುಬಸ ಆಗಲೇ ಮುಗಿದಿತ್ತು.

ಇದಾಗಿ ಐದು ವಾರ. ನೀಲವ್ವ ನನ್ನನ್ನು ಇನ್ನೂ ಕರೆದಿಲ್ಲ. ಲಾಳಿಗೆ ಈಗ ಒಂದೇ ಸಲಕ್ಕೆ ಜಾಸ್ತಿ ಹಾಕುವಂತಿಲ್ಲ. ದಿನಕ್ಕೆ ಐದು ಸಲ ಸ್ವಲ್ಪ ಸ್ವಲ್ಪ, ಮೆತ್ತಗೆ ಕಲಸಿ ಕೊಡಬೇಕು. ಕೊಡುವವಳು ನಾನು, ಡಾಕ್ಟರಿಗೆ ವಾರಕ್ಕೊಮ್ಮೆ ಬರೆಯುವವಳೂ ನಾನು. ಹೊಟ್ಟೆಯ ಮೇಲೆ ಕೂದಲು ಮತ್ತೆ ಬಂದಿದೆ. ಬೆಂಚಿನ ಮೇಲೆ ಕುಳಿತವರಿಗೆ ನಾನು ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ. ನಿಮ್ಮ ಹೊಟ್ಟೆಯಲ್ಲಿ ಇಂಥದೊಂದು ಇದ್ದರೆ, ಅದು ನಿಮ್ಮೊಬ್ಬರಲ್ಲೇ ಇಲ್ಲ ಎಂದಷ್ಟೇ ಹೇಳಬಲ್ಲೆ. ಒಳಗೆ ಕರೆದಾಗ ಮೊದಲು ಅದನ್ನೇ ಹೇಳಿ, ಬೈಗುಳ ಆಮೇಲೆ ತಿಂದರಾಯಿತು.

ಇವತ್ತು ಬೆಳಿಗ್ಗೆ ನಾನು ಹಿತ್ತಲ ಕಟ್ಟೆಯ ಮೇಲೆ ಕುಳಿತು ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿದ್ದೆ. ಲಾಳಿ ಕಾಲ ಬಳಿ ಮಲಗಿತ್ತು. ಗೋಡೆಯ ಆಚೆ ರೊಟ್ಟಿ ಬಡಿಯುವ ಸದ್ದು ನಿಂತು, ನೀಲವ್ವನ ದನಿ ಕೇಳಿತು.

“ಬಾ. ಬಾ ಇಲ್ಲೆ.”

ನಾನು ಎದ್ದುಬಿಟ್ಟೆ. ಸೆರಗು ಸರಿಮಾಡಿಕೊಂಡು ಎರಡು ಹೆಜ್ಜೆಯನ್ನೂ ಇಟ್ಟೆ. ಅಷ್ಟರಲ್ಲಿ ಲಾಳಿ ಮೈಮುರಿದು, ಗೋಡೆಗೆ ನೆಗೆದು, ಆಚೆ ಇಳಿಯಿತು.

“ಬಂದ್ಯಾ ನಮ್ಮವ್ವಾ,” ಎಂದಳು ನೀಲವ್ವ ಅದಕ್ಕೆ.

ನಾನು ವಾಪಸು ಕಟ್ಟೆಯ ಮೇಲೆ ಕುಳಿತೆ.